ಮೇದೋಜೀರಕ ಗ್ರಂಥಿಯ ದೀರ್ಘ ಬೇನೆ ಮತ್ತು ಶಸ್ತ್ರಚಿಕಿತ್ಸೆ: ದಂಪತಿಗಳು ತಿಳಿಯಬೇಕಾದುದು

ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಹೊಟ್ಟೆನೋವು ಬಂದರೆ ಪಿತ್ತವೆಂದೋ ವಾಯುವೆಂದೋ ಭಾವಿಸಿ ಮನೆಮದ್ದು ಮಾಡುವವರುಂಟು. ಆದರೆ ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹಾಯುವ, ಊಟವಾದ ಮೇಲೆ ಹೆಚ್ಚುವ, ತಿಂಗಳುಗಟ್ಟಲೆ ಮರುಕಳಿಸುವ ನೋವನ್ನು ಉಪೇಕ್ಷಿಸಲಾಗದು. ಅದು ಮೇದೋಜೀರಕ ಗ್ರಂಥಿಯ ದೀರ್ಘಕಾಲದ ಉರಿಯೂತವಾಗಿರಬಹುದು. ದುಡಿಯುವ ವಯಸ್ಸಿನವರನ್ನು ಹಿಡಿಯುವ ಈ ರೋಗವು ಇಡೀ ಸಂಸಾರವನ್ನೇ ಬಳಲಿಸುತ್ತದೆ.

ರೋಗದ ಸ್ವರೂಪ

ಮೇದೋಜೀರಕ ಗ್ರಂಥಿಯು ಜಠರದ ಹಿಂದೆ ಅಡ್ಡಲಾಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಅಂಗ. ಆಹಾರವನ್ನು ಪಚನ ಮಾಡುವ ರಸವನ್ನೂ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನನ್ನೂ ಇದು ತಯಾರಿಸುತ್ತದೆ. ಉರಿಯೂತ ಬಹುಕಾಲ ಉಳಿದರೆ ಗ್ರಂಥಿ ಗಡುಸಾಗಿ, ರಸ ಹರಿಯುವ ನಾಳದಲ್ಲಿ ಸುಣ್ಣದ ಹರಳುಗಳು ಕಟ್ಟುತ್ತವೆ. ಕಾಲುವೆಗೆ ಕಲ್ಲು ಅಡ್ಡವಾದರೆ ಹಿಂದೆ ನೀರು ಒತ್ತುವಂತೆ, ನಾಳವು ಹಿಗ್ಗಿ ನೋವುಂಟಾಗುತ್ತದೆ. ಕ್ರಮೇಣ ಜಿಡ್ಡಿನ ಮಲ, ತೂಕದ ಇಳಿತ, ಸಕ್ಕರೆ ಕಾಯಿಲೆ ತಲೆದೋರಬಹುದು.

ಮದ್ಯ ಮತ್ತು ತಂಬಾಕು ಇದರ ಮುಖ್ಯ ಕಾರಣಗಳು. ಆದರೂ ನಮ್ಮ ದೇಶದಲ್ಲಿ ಮದ್ಯವನ್ನು ಮುಟ್ಟದ ಯುವಕ ಯುವತಿಯರಲ್ಲಿಯೂ ಈ ರೋಗ ಕಂಡುಬರುತ್ತದೆ. ಅನುವಂಶಿಕ ಕಾರಣಗಳೂ ಉಂಟು. ಆದುದರಿಂದ ರೋಗಿಯನ್ನು ಶಂಕಿಸುವುದು, ನಿಂದಿಸುವುದು ಸರಿಯಲ್ಲ. ಇದು ಅಂಟುರೋಗವೂ ಅಲ್ಲ.

ಶಸ್ತ್ರಚಿಕಿತ್ಸೆ ಯಾರಿಗೆ?

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಅನೇಕರಿಗೆ ಔಷಧೋಪಚಾರ ಸಾಕು; ಕೆಲವರಿಗೆ ಬಾಯಿಯ ಮೂಲಕ ಎಂಡೋಸ್ಕೋಪ್ ನಳಿಕೆ ಇಳಿಸಿ ಹರಳು ತೆಗೆಯಬಹುದು. ಇವುಗಳಿಂದ ನೋವು ತಗ್ಗದಿದ್ದರೆ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ. ಅದನ್ನು ವರ್ಷಗಟ್ಟಲೆ ಮುಂದೂಡುವುದು ಹಿತವಲ್ಲ. ನೆದರ್‌ಲೆಂಡ್ಸ್ ದೇಶದಲ್ಲಿ 88 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಡೋಸ್ಕೋಪ್ ಚಿಕಿತ್ಸೆಯಿಂದ ಆರಂಭಿಸಿದವರಿಗಿಂತ ಬೇಗನೆ ಶಸ್ತ್ರಚಿಕಿತ್ಸೆ ಪಡೆದವರಿಗೆ ನೋವು ಕಡಿಮೆಯಿತ್ತು.

ಎರಡು ಮಾರ್ಗ, ಒಂದೇ ಕೆಲಸ

ನಾಳ ಹಿಗ್ಗಿದ್ದರೆ ಅದನ್ನು ಉದ್ದಕ್ಕೆ ಸೀಳಿ, ಹರಳು ತೆಗೆದು, ಸಣ್ಣ ಕರುಳಿಗೆ ಜೋಡಿಸುತ್ತಾರೆ. ಗ್ರಂಥಿಯ ತಲೆಭಾಗ ದಪ್ಪವಾಗಿದ್ದರೆ ಅದರ ಸ್ವಲ್ಪ ಅಂಶವನ್ನೂ ಕೆರೆದು ತೆಗೆಯುತ್ತಾರೆ. ಈ ಕ್ರಮವನ್ನು 1987ರಲ್ಲಿ ಫ್ರೇ ಎಂಬ ವೈದ್ಯರು ವಿವರಿಸಿದರು. ಮಾರ್ಗ ಯಾವುದಾದರೂ ಒಳಗೆ ನಡೆಯುವ ಕೆಲಸ ಇದೇ.

ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಮೇಲ್ಭಾಗವನ್ನು ಉದ್ದವಾಗಿ ಕೊಯ್ದು ಕೈಯಿಂದಲೇ ಕೆಲಸ ಮಾಡುತ್ತಾರೆ. ಬಹುಕಾಲದಿಂದ ರೂಢಿಯಲ್ಲಿದ್ದು, ಹೆಚ್ಚು ವೈದ್ಯರಿಗೆ ಪರಿಚಿತವಾದ ವಿಧಾನವಿದು. ಗಾಯ ದೊಡ್ಡದಾದ್ದರಿಂದ ಮೊದಲ ದಿನಗಳ ನೋವು ಹೆಚ್ಚು. ಮುಂದೆ ಗಾಯದ ಸ್ಥಳ ಸಡಿಲವಾಗಿ ಹರ್ನಿಯಾ ಆಗುವ ಸಂಭವವುಂಟು.

ರೋಬೋಟ್ ವಿಧಾನದಲ್ಲಿ ನಾಲ್ಕೈದು ಸಣ್ಣ ರಂಧ್ರಗಳ ಮೂಲಕ ಉಪಕರಣಗಳನ್ನು ಇಳಿಸುತ್ತಾರೆ. ಯಂತ್ರವು ತಾನಾಗಿ ಏನನ್ನೂ ಮಾಡದು. ಪಕ್ಕದಲ್ಲಿ ಕುಳಿತ ವೈದ್ಯರು ದೊಡ್ಡದಾಗಿ ಕಾಣುವ ಚಿತ್ರವನ್ನು ನೋಡುತ್ತ ಅದರ ತೋಳುಗಳನ್ನು ನಡೆಸುತ್ತಾರೆ. ರಕ್ತಸ್ರಾವ ಮತ್ತು ಗಾಯದ ನೋವು ಸಾಮಾನ್ಯವಾಗಿ ಕಡಿಮೆ. ಮನೆಗೆ ಬೇಗ ಮರಳಬಹುದು. ಆದರೆ ಹೆಚ್ಚು ವೇಳೆ ಹಿಡಿಯುತ್ತದೆ, ವೆಚ್ಚ ಅಧಿಕ, ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಅವಶ್ಯವಾದಲ್ಲಿ ಮಧ್ಯದಲ್ಲಿಯೇ ಹೊಟ್ಟೆ ತೆರೆಯಬೇಕಾಗಬಹುದು. ಅದು ವೈಫಲ್ಯವಲ್ಲ, ರೋಗಿಯ ಸುರಕ್ಷತೆಗಾಗಿ ಕೈಗೊಂಡ ಕ್ರಮ.

ಈ ರೋಗದಲ್ಲಿ ಎರಡು ಮಾರ್ಗಗಳನ್ನು ನೇರವಾಗಿ ಹೋಲಿಸಿದ ದೊಡ್ಡ ಅಧ್ಯಯನಗಳು ವಿರಳ. ಯಂತ್ರದಿಂದ ಮಾಡಿದರೆ ಹಳೆಯ ನೋವು ಹೆಚ್ಚು ಶಮನವಾಗುತ್ತದೆಂಬುದು ಸಿದ್ಧವಾಗಿಲ್ಲ. ಆದುದರಿಂದ ರೋಬೋಟ್ ದೊರೆಯಲಿಲ್ಲವೆಂದು ಕೊರಗುವುದಾಗಲಿ, ಅದಕ್ಕಾಗಿ ತೊಗರಿ ಬೆಳೆಯುವ ಹೊಲವನ್ನು ಅಡವಿಡುವುದಾಗಲಿ ಬೇಡ. ಯಂತ್ರಕ್ಕಿಂತ ಈ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ವೈದ್ಯರ ಅನುಭವವೇ ಮುಖ್ಯ.

ಎಲ್ಲಿ ತೋರಿಸಬೇಕು?

ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿರಿ. ಅಲ್ಲಿಂದ ಬೀದರ್ ಅಥವಾ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳುಹಿಸಬಹುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ಸೌಲಭ್ಯವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮರೆಯದೆ ಪಡೆಯಿರಿ. ಹೈದರಾಬಾದಿನಂತಹ ಹೊರರಾಜ್ಯದ ಊರಿಗೆ ಹೋಗುವ ಮುನ್ನ ಅಲ್ಲಿ ಯೋಜನೆ ಅನ್ವಯಿಸುವುದೇ ಎಂದು ವಿಚಾರಿಸಿರಿ.

ಪತಿ ಪತ್ನಿಯರಿಬ್ಬರೂ ವೈದ್ಯರೆದುರು ಕುಳಿತು ಕೇಳಬೇಕಾದ ಪ್ರಶ್ನೆಗಳು ಇವು: ಈ ಶಸ್ತ್ರಚಿಕಿತ್ಸೆ ಈಗಲೇ ಅಗತ್ಯವೇ? ಇಂತಹವನ್ನು ತಾವು ಎಷ್ಟು ಮಾಡಿದ್ದೀರಿ? ಯೋಜನೆಗೆ ಸೇರದ ಖರ್ಚು ಎಷ್ಟು? ದುಡಿಮೆಗೆ ಮರಳುವುದು ಎಂದು?

ನಂತರದ ಎಚ್ಚರ

ಯಾವ ಶಸ್ತ್ರಚಿಕಿತ್ಸೆಯೂ ಕೆಟ್ಟ ಗ್ರಂಥಿಯನ್ನು ಹೊಸದಾಗಿ ಮಾಡದು. ಮದ್ಯ, ಬೀಡಿ, ಗುಟ್ಕಾಗಳನ್ನು ಪೂರ್ಣವಾಗಿ ತ್ಯಜಿಸಬೇಕು. ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಊಟ ಮಾಡಬೇಕು. ವೈದ್ಯರು ಹೇಳಿದ್ದರೆ ಪಚನದ ಗುಳಿಗೆಯನ್ನು ಊಟದ ಜೊತೆಗೇ ಸೇವಿಸಬೇಕು. ಸಕ್ಕರೆ ಪರೀಕ್ಷೆಯನ್ನು ತಪ್ಪಿಸಬಾರದು. ರೋಗ ಪತ್ನಿಗಿದ್ದರೆ, ಸಕ್ಕರೆ ಹತೋಟಿಗೆ ಬಂದು ಮೈ ಚೇತರಿಸಿದ ನಂತರವೇ ವೈದ್ಯರ ಸಲಹೆಯಂತೆ ಗರ್ಭಧಾರಣೆಯ ಯೋಚನೆ ಮಾಡುವುದು ಲೇಸು. ಸಕಾಲದ ಚಿಕಿತ್ಸೆ ಮತ್ತು ದಂಪತಿಗಳ ಒಮ್ಮತವೇ ಮನೆಯ ನೆಮ್ಮದಿಗೆ ಆಧಾರ.