ನಿಮಗಿದು ಗೊತ್ತೇ? ತೊಗರಿ ಹೊಲದ ಪೈಪೋಟಿ

ಬಿತ್ತಿ ಎರಡು ತಿಂಗಳಾದರೂ ತೊಗರಿ ಮೇಲೇಳುವುದು ನಿಧಾನ. ಕಲಬುರಗಿ ರೈತರು ಸಾಲುಗಳ ನಡುವೆ ಹೆಸರು, ಉದ್ದು ಹಾಕುವುದು ಅದಕ್ಕೇ. ಅವು ರಾಶಿಯಾಗಿ ಮನೆ ಸೇರಿದ ಮೇಲೆ ತೊಗರಿ ಹರಡಿಕೊಳ್ಳುತ್ತದೆ. ಒಂದೇ ಆಹಾರಕ್ಕೆ ಒಂದೇ ರೀತಿಯಲ್ಲಿ ಬಾಯಿ ಹಾಕುವ ಎರಡು ಜೀವಿಜಾತಿಗಳು ಬಹುಕಾಲ ಜೊತೆಗಿರಲಾರವು ಎಂದು ರಷ್ಯಾದ ಜೀವವಿಜ್ಞಾನಿ ಗಾಸ್ 1934ರಲ್ಲಿ ತೋರಿಸಿದ. ನಮ್ಮವರು ಸಮಯವನ್ನೇ ಬೇರೆ ಮಾಡಿ ಆ ಜಗಳ ತಪ್ಪಿಸಿದ್ದಾರೆ.

ತೊಗರಿಯ ಕಾಯಿಕೊರಕ ಹುಳು ತನ್ನವರನ್ನೂ ಬಿಡುವುದಿಲ್ಲ! ಗಿಡ ಅಲ್ಲಾಡಿಸಿ ಉದುರಿಸಿದ ಹುಳುಗಳನ್ನು ಒಂದೇ ಡಬ್ಬಿಗೆ ತುಂಬಿಡಿ. ದೊಡ್ಡವು ಸಣ್ಣವನ್ನು ತಿನ್ನುತ್ತವೆ. ಈ ಹುಳುವನ್ನೇ ಕೊಲ್ಲುವ ಎನ್‌ಪಿವಿ ನಂಜಾಣು ತಯಾರಿಸುವವರು ಬಲಿತ ಹುಳುಗಳನ್ನು ಒಂದೊಂದಾಗಿ ಬೇರೆ ಬೇರೆ ಗೂಡಿನಲ್ಲಿ ಸಾಕುವುದು ಈ ಕಾರಣಕ್ಕೆ.

ಈ ಹುಳುವಿಗೆ ಒಂದೇ ಕೀಟನಾಶಕವನ್ನು ಮತ್ತೆ ಮತ್ತೆ ಹೊಡೆದರೆ? ತಡೆದುಕೊಂಡ ಹುಳುಗಳ ಸಂತಾನವೇ ಹೊಲ ತುಂಬುತ್ತದೆ. ಡಾರ್ವಿನ್ ಹೇಳಿದ ಆಯ್ಕೆಯನ್ನು ಪಂಪು ಹೊತ್ತವರೇ ಮಾಡಿಕೊಟ್ಟಂತೆ.

ತೊಗರಿ ಗಿಡವನ್ನು ಸೊರಗಿಸುವ ನೆಟೆ ರೋಗ ತರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೆಳೆ ಕಟಾವಾದ ಮೇಲೂ ಕೂಳೆಯಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. ಅದಕ್ಕೆ ಎದುರಾಳಿ ಇನ್ನೊಂದು ಶಿಲೀಂಧ್ರವೇ: ಟ್ರೈಕೋಡರ್ಮಾ. ಬೇರಿನ ಸುತ್ತ ಬೇಗ ಬೆಳೆದು ಜಾಗ, ಆಹಾರ ಎರಡನ್ನೂ ಕಬಳಿಸುತ್ತದೆ. ಎದುರಾಳಿಯ ಎಳೆಗೆ ಸುತ್ತಿಕೊಂಡು ಅದನ್ನು ಕರಗಿಸಿಯೂ ತಿನ್ನುತ್ತದೆ. ಕಿಲೋ ಬೀಜಕ್ಕೆ 4 ಗ್ರಾಂ ಸಾಕು. ಶಿಲೀಂಧ್ರನಾಶಕದ ಜೊತೆ ಬೆರೆಸಿದಿರೋ, ಬಾಡಿಗೆ ಸೈನಿಕನೇ ಮೊದಲು ಸಾಯುತ್ತಾನೆ.

ನೆಟೆ ತಡೆಯುವ ‘ಮಾರುತಿ’ ತಳಿ 1986ರಲ್ಲಿ ಬಂತು. ಆಮೇಲೆ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಿಂದಲೇ ಟಿಎಸ್-3ಆರ್. ಒಂದೇ ತಳಿಗೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ರೋಗಾಣುವೂ ಬದಲಾಗುತ್ತದೆ. ನಿಂತಲ್ಲೇ ನಿಲ್ಲಬೇಕಾದರೂ ಓಡುತ್ತಲೇ ಇರಬೇಕೆಂಬ ಈ ಪಾಡಿಗೆ ಜೀವವಿಜ್ಞಾನಿ ವ್ಯಾನ್ ವ್ಯಾಲೆನ್ 1973ರಲ್ಲಿ ‘ಕೆಂಪು ರಾಣಿ’ ಸಿದ್ಧಾಂತ ಎಂದು ಹೆಸರಿಟ್ಟ.

ಕಲಬುರಗಿ ಜಿಲ್ಲೆಯದೇ ಆದ ಕಮಲಾಪುರದ ಕೆಂಬಾಳೆ ಆ ಓಟದಲ್ಲಿ ಬಲು ಹಿಂದೆ. ಬೀಜವಿಲ್ಲದ ಹಣ್ಣು, ಕಂದಿನಿಂದ ಕಂದು. ಪ್ರತಿ ಗಿಡವೂ ಬಹುತೇಕ ತಾಯಿಯ ನಕಲು. ಒಂದಕ್ಕೆ ತಗಲಿದ ರೋಗಕ್ಕೆ ಎಲ್ಲವೂ ತುತ್ತಾಗಬಹುದು. ಜಗತ್ತಿನ ಮಾರುಕಟ್ಟೆ ಆಳುತ್ತಿದ್ದ ಗ್ರಾಸ್ ಮಿಷೆಲ್ ಬಾಳೆ 1950ರ ದಶಕದ ಹೊತ್ತಿಗೆ ಹೀಗೆಯೇ ನೆಲ ಕಚ್ಚಿತು. ಹೊಡೆದದ್ದು ಇನ್ನೊಂದು ಫ್ಯುಸೇರಿಯಂ. ಅಪರೂಪಕ್ಕೊಮ್ಮೆ ಕೆಂಬಾಳೆಯ ಗಿಡ ತಾನಾಗಿಯೇ ಹಸಿರು ಕಾಯಿ ಬಿಡುವುದುಂಟು, ಬದಲಾವಣೆ ಎಂದರೆ ಅಷ್ಟೇ.

ಬುಡದಲ್ಲೇ ಏಳುವ ಕಂದುಗಳು ತಾಯಿಯ ನೀರು, ಗೊಬ್ಬರಕ್ಕೆ ಪಾಲು ಕೇಳುತ್ತವೆ. ಒಂದನ್ನು ಉಳಿಸಿ ಮಿಕ್ಕವನ್ನು ಕಿತ್ತರಷ್ಟೇ ಗೊನೆ ತೂಗುತ್ತದೆ, ಅದೂ ಸುಮಾರು ಒಂದೂವರೆ ವರ್ಷ ಕಾದ ಮೇಲೆ. ಹುಮನಾಬಾದ್ ಕಡೆ ಹೊರಟವರು ಕಮಲಾಪುರದಲ್ಲಿ ಕೆಂಬಾಳೆ ಕಂಡರೆ ಚೌಕಾಸಿ ಮಾಡದೆ ಒಂದು ಡಜನ್ ಕೊಳ್ಳಿ.