ಇರುಳಿನ ಆಟ, ಡಿಸ್ಕಿನ ಅಳತೆ: ಮಧುಗಿರಿ ಸೀಮೆಯ ಪ್ರದರ್ಶನ ಕಲೆಗಳ ವಿಡಿಯೊ ದಾಖಲೀಕರಣ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆಯ ವ್ಯಾಪ್ತಿಗೆ ಸೇರಿವೆ. ಆಡಳಿತದ ಈ ಗಡಿರೇಖೆಗಿಂತ ಬಹು ಹಿಂದಿನಿಂದಲೂ ಇವು ಕಲಾಪರಂಪರೆಯ ದೃಷ್ಟಿಯಿಂದ ಪರಸ್ಪರ ಹೆಣೆದುಕೊಂಡಿರುವ ಸೀಮೆಗಳು. ಗೊಲ್ಲರಹಟ್ಟಿಗಳಲ್ಲಿ ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲಿನೊಂದಿಗೆ ಕೂಡಿಬರುವ ಜುಂಜಪ್ಪನ ಕಾವ್ಯ, ಮುಖವೀಣೆ ಮದ್ದಳೆಗಳ ಹಿಮ್ಮೇಳದ ಮೂಡಲಪಾಯ, ಜಾತ್ರೆ ಪರಿಷೆಗಳ ಉರುಮೆ, ಭಜನೆ ಮುಂತಾದವು ಇಲ್ಲಿನ ಜೀವಂತ ಸಂಪತ್ತು. ಕಾಡುಗೊಲ್ಲರ ಸಂಪ್ರದಾಯಗಳನ್ನು ಕುರಿತ ತೀ. ನಂ. ಶಂಕರನಾರಾಯಣರ ಅಧ್ಯಯನದಂತಹ ಬರಹಗಳು ಈ ಲೋಕದ ನಂಬಿಕೆ ಆಚರಣೆಗಳನ್ನು ವಿದ್ವತ್ತಿನ ಪರಿಧಿಗೆ ತಂದವು. ಆದರೆ ಪಠ್ಯವಾಗಿ ಅಚ್ಚಾದ ಕಾವ್ಯದಲ್ಲಿ ಗಣೆಯ ಉಸಿರು ಉಳಿಯುವುದಿಲ್ಲ. ಅದನ್ನು ಉಳಿಸುವ ಹೊಣೆ ಧ್ವನಿ ಮತ್ತು ದೃಶ್ಯ ದಾಖಲೆಯದು. ಅಲ್ಲಿ ಎದುರಾಗುವ ತೊಡಕು ಕಲೆಯದಲ್ಲ, ಅಳತೆಯದು.

ಮೂಡಲಪಾಯದ ಆಟ ರಾತ್ರಿ ಆರಂಭವಾಗಿ ಬೆಳಗಿನ ಜಾವದವರೆಗೆ ನಡೆಯುವಂಥದು. ಅದನ್ನು ಎಂಟು ಗಂಟೆಯೆಂದು ಇಟ್ಟುಕೊಂಡರೆ ಲೆಕ್ಕ ಸುಲಭವಾಗುತ್ತದೆ. 2006ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ಸಂಸ್ಥೆಗಳು ಪ್ರಕಟಿಸಿದ ಎ.ವಿ.ಸಿ.ಎಚ್.ಡಿ. ವಿಧಾನದ ಕ್ಯಾಮೆರಾ, ಸೆಕೆಂಡಿಗೆ 24 ಮೆಗಾಬಿಟ್‌ಗಳ ದರದಲ್ಲಿ ಮುದ್ರಿಸಿದಾಗ ಗಂಟೆಗೆ ಸುಮಾರು 10.8 ಗಿಗಾಬೈಟ್ ಜಾಗವನ್ನು ಬೇಡುತ್ತದೆ. ಇಡೀ ಆಟಕ್ಕೆ 86 ಗಿಗಾಬೈಟ್ ದಾಟುತ್ತದೆ. ಸಾಮಾನ್ಯ ಡಿ.ವಿ.ಡಿ.ಯ ಸಾಮರ್ಥ್ಯ 4.7 ಗಿಗಾಬೈಟ್, ಒಂದು ಪದರದ ಬ್ಲೂ-ರೇ ಡಿಸ್ಕಿನದು 25 ಗಿಗಾಬೈಟ್. ಮೊದಲನೆಯದರಲ್ಲಿ ಆಟದ 26 ನಿಮಿಷ ಮಾತ್ರ ಹಿಡಿಯುತ್ತದೆ. ಎರಡನೆಯದರಲ್ಲಿ ಎರಡೂಕಾಲು ಗಂಟೆ. ಅಂದರೆ ಒಂದು ಪ್ರಸಂಗಕ್ಕೆ 19 ಡಿ.ವಿ.ಡಿ. ಅಥವಾ 4 ಬ್ಲೂ-ರೇ ಬೇಕು. ಭಾಗವತನಿಗೆ ಈ ಲೆಕ್ಕ ತಿಳಿದಿಲ್ಲ. ತಿಳಿದಿರಬೇಕಾದ ಅಗತ್ಯವೂ ಇಲ್ಲ.

ತಿಳಿದಿರಬೇಕಾದವರು ದಾಖಲಿಸುವವರು. ಡಿಸ್ಕಿಗೆ ಹೊಂದಿಸುವ ಅವಸರದಲ್ಲಿ ಮೊದಲು ಕತ್ತರಿ ಬೀಳುವುದು ಪೂರ್ವರಂಗದ ಸ್ತುತಿಗೆ, ಅನಂತರ ಪಾತ್ರಪ್ರವೇಶದ ದೀರ್ಘ ಕುಣಿತಕ್ಕೆ. ಆಟದ ವ್ಯಾಕರಣ ನೆಲೆಸಿರುವುದೇ ಈ ಭಾಗಗಳಲ್ಲಿ ಎಂಬುದು ಆಮೇಲೆ ಅಧ್ಯಯನಕ್ಕೆ ಕುಳಿತಾಗ ಗೊತ್ತಾಗುತ್ತದೆ.

ಕತ್ತರಿಗೆ ಬದಲಾಗಿ ಚಿತ್ರವನ್ನೇ ಕುಗ್ಗಿಸುವುದು ಇನ್ನೊಂದು ಮಾರ್ಗ. ಸಂತೆ ಜಾತ್ರೆಗಳಲ್ಲಿ ಪ್ರಚಾರ ಪಡೆದ ವಿ.ಸಿ.ಡಿ.ಯ ಚೌಕಟ್ಟು 352 ಅಡ್ಡ, 288 ಲಂಬ ಬಿಂದುಗಳದು. ಡಿ.ವಿ.ಡಿ.ಯದು 720 ಮತ್ತು 576. ಪೂರ್ಣ ಎಚ್.ಡಿ. ಚಿತ್ರದ್ದು 1920 ಮತ್ತು 1080, ಅಂದರೆ ಡಿ.ವಿ.ಡಿ.ಯ ಐದು ಪಟ್ಟು, ವಿ.ಸಿ.ಡಿ.ಯ ಇಪ್ಪತ್ತು ಪಟ್ಟು ವಿವರ. ಗಣೆಗಾರನ ಬೆರಳು ಯಾವ ರಂಧ್ರವನ್ನು ಅರ್ಧ ಮುಚ್ಚಿತು, ವೇಷಧಾರಿಯ ಕಿರೀಟದ ಮೇಲಿನ ಕುಸುರಿ ಎಂಥದು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ಈ ಇಪ್ಪತ್ತು ಪಟ್ಟಿನಲ್ಲಿ. ಒಮ್ಮೆ ಕುಗ್ಗಿಸಿ ಮೂಲವನ್ನು ಅಳಿಸಿದ ಮೇಲೆ ಯಾವ ತಂತ್ರಾಂಶವೂ ಆ ವಿವರವನ್ನು ನಿಜವಾಗಿ ಮರಳಿಸಲಾರದು.

ಬರ್ನ್ ಮಾಡುವ ಕ್ರಮದಲ್ಲಿಯೂ ಒಂದು ಗೊಂದಲವಿದೆ. ಎಚ್.ಡಿ. ದೃಶ್ಯವನ್ನು ಎ.ವಿ.ಸಿ.ಎಚ್.ಡಿ. ರೂಪದಲ್ಲಿಯೇ ಸಾಮಾನ್ಯ ಡಿ.ವಿ.ಡಿ.ಗೆ ಬರೆದು ಬ್ಲೂ-ರೇ ಪ್ಲೇಯರಿನಲ್ಲಿ ನೋಡುವ ಸೌಲಭ್ಯವಿತ್ತು. ಆದರೆ ಅದರ ಗರಿಷ್ಠ ದರ 18 ಮೆಗಾಬಿಟ್. 24ರಲ್ಲಿ ಚಿತ್ರಿಸಿದ್ದನ್ನು ಮತ್ತೆ ಸಂಕುಚಿಸದೆ ಹಾಗೆ ಬರೆಯಲಾಗದು. ಅದೇ ಕಡತವನ್ನು ದತ್ತಾಂಶವಾಗಿ ನಕಲು ಮಾಡಿದರೆ ಒಂದು ಬಿಂದುವೂ ನಷ್ಟವಾಗುವುದಿಲ್ಲ, ಆದರೆ ಮನೆಯ ಡಿ.ವಿ.ಡಿ. ಪ್ಲೇಯರ್ ಅದನ್ನು ಓದುವುದಿಲ್ಲ, ಕಂಪ್ಯೂಟರ್ ಬೇಕು. ಹೀಗಾಗಿ ಹಟ್ಟಿಯ ಜನ ನೋಡುವ ಪ್ರತಿ ಮತ್ತು ಗ್ರಂಥಾಲಯದ ಪ್ರತಿ ಎರಡೂ ಬೇರೆಯಾಗಿಯೇ ಇರಬೇಕಾಗುತ್ತದೆ. ಒಂದೇ ಡಿಸ್ಕಿನಲ್ಲಿ ಎರಡೂ ಉದ್ದೇಶ ಈಡೇರಲೆಂಬ ಉಳಿತಾಯ ಬುದ್ಧಿಗೆ ಬಲಿಯಾಗುವುದು ಸಾಮಾನ್ಯವಾಗಿ ಗ್ರಂಥಾಲಯದ ಪ್ರತಿ.

ಕ್ಯಾಮೆರಾದ ಮೆಮೊರಿ ಕಾರ್ಡ್ ಸಹ ಎಚ್ಚರಿಕೆ ಬೇಡುತ್ತದೆ. ಫ್ಯಾಟ್-32 ವ್ಯವಸ್ಥೆಯ ಕಾರ್ಡಿನಲ್ಲಿ ಒಂದು ಕಡತ 4 ಗಿಗಾಬೈಟ್ ಮೀರಲಾರದ್ದರಿಂದ ನಿರಂತರ ಚಿತ್ರೀಕರಣವೂ ತುಂಡುಗಳಾಗಿ ಶೇಖರವಾಗುತ್ತದೆ. ಕೇವಲ ವಿಡಿಯೊ ಕಡತಗಳನ್ನು ಆರಿಸಿ, ಬಿಡಿಬಿಡಿಯಾಗಿ ಸಂಕಲನ ತಂತ್ರಾಂಶಕ್ಕೆ ಹಾಕಿದರೆ ಸೇರುವೆಯಲ್ಲಿ ಕ್ಷಣಮಾತ್ರ ಧ್ವನಿ ಕಡಿಯಬಹುದು. ಹಾಡಿನ ನಡುವೆ ಕಡಿದರೆ ಹೋಗುವುದು ಒಂದು ಮಾತ್ರೆ ಅಥವಾ ಒಂದು ಪದ. ಕಾರ್ಡಿನ ಸಂಪೂರ್ಣ ಕಡತಕೋಶವನ್ನು ಇದ್ದಂತೆಯೇ ನಕಲು ಮಾಡಿಟ್ಟುಕೊಂಡಲ್ಲಿ ತುಂಡುಗಳ ಅನುಕ್ರಮದ ಮಾಹಿತಿಯೂ ಜೊತೆಗೆ ಬರುತ್ತದೆ.

ಕಂಪ್ಯೂಟರಿನಲ್ಲಿ ನೋಡುವಾಗ ಕುಣಿಯುವ ಪಾತ್ರದ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುವುದುಂಟು. ಇದು ದಾಖಲೆಯ ದೋಷವಲ್ಲ. ಸೆಕೆಂಡಿಗೆ 50 ಅರೆಚಿತ್ರಗಳಾಗಿ ಮುದ್ರಿತವಾದ ದೃಶ್ಯವನ್ನು ಪರದೆ ಒಟ್ಟಾಗಿ ತೋರಿಸುವುದರ ಫಲ. ವಿ.ಎಲ್.ಸಿ. ಮೊದಲಾದ ಪ್ಲೇಯರ್‌ಗಳಲ್ಲಿ ಅದನ್ನು ಸರಿಪಡಿಸುವ ಆಯ್ಕೆ ಇದೆ. ಇದನ್ನರಿಯದೆ ಮೂಲ ಕಡತವನ್ನೇ ಪರಿವರ್ತಿಸಿಡುವುದು ಸಲ್ಲದು. ಬ್ಲೂ-ರೇ ಡಿಸ್ಕಿನ ಯು.ಡಿ.ಎಫ್. 2.5 ವಿನ್ಯಾಸವನ್ನು ವಿಂಡೋಸ್ ಎಕ್ಸ್‌ಪಿ ತಾನಾಗಿ ಓದುತ್ತಿರಲಿಲ್ಲ, ವಿಸ್ತಾ ಓದಿತು. ಹಳೆಯ ಯಂತ್ರದಲ್ಲಿ ತೆರೆಯದ ಡಿಸ್ಕನ್ನು ಹಾಳಾದದ್ದೆಂದು ಬದಿಗಿಡುವ ಮುನ್ನ ಇದನ್ನು ಪರಿಶೀಲಿಸಬೇಕು.

ಇನ್ನು ಬಾಳಿಕೆಯ ಪ್ರಶ್ನೆ. ಬರೆಯಬಲ್ಲ ಸಿ.ಡಿ. ಮತ್ತು ಡಿ.ವಿ.ಡಿ.ಗಳಲ್ಲಿ ಲೇಸರ್ ಗುರುತು ಮೂಡಿಸುವುದು ಸಾವಯವ ಬಣ್ಣದ ತೆಳು ಪದರದ ಮೇಲೆ. ಬಿಸಿಲು, ತಾಪ, ತೇವ ಮೂರೂ ಅದಕ್ಕೆ ಶತ್ರುಗಳು. ಪಾವಗಡದಂತಹ ಬಯಲುಸೀಮೆಯ ಬೇಸಗೆಯಲ್ಲಿ ತಗಡಿನ ಛಾವಣಿಯ ಕೊಠಡಿಯ ಬೀರುವಿನಲ್ಲಿಟ್ಟ ಡಿಸ್ಕಿನಿಂದ ದೀರ್ಘಾಯುಷ್ಯವನ್ನು ನಿರೀಕ್ಷಿಸಲಾಗದು. ಮೇಲೆ ಅಂಟಿಸುವ ಕಾಗದದ ಚೀಟಿಯೂ ಡಿಸ್ಕನ್ನು ಬಾಗಿಸಬಲ್ಲದು. ಹೆಸರನ್ನು ನಡುವಿನ ಪಾರದರ್ಶಕ ವೃತ್ತದಲ್ಲಿ ನೀರಿನ ಮಸಿಯಿಂದ ಬರೆಯುವುದು ಲೇಸು.

ಡಿಸ್ಕು ಉಳಿದರೂ ಓದುವ ಯಂತ್ರ ಉಳಿಯುವುದೆಂಬ ಭರವಸೆ ಈಗ ಕ್ಷೀಣಿಸಿದೆ. ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಪ್ಯಾನಸೋನಿಕ್ 2023ರ ಫೆಬ್ರವರಿಯಲ್ಲಿ, ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದವು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ತಟ್ಟೆಯೇ ಅಪರೂಪ. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಕಲಾವಿದರ, ಅಧ್ಯಾಪಕರ, ಸಂಶೋಧಕರ ಮನೆಗಳಲ್ಲಿರುವ ಡಿಸ್ಕುಗಳನ್ನು ಹಾರ್ಡ್ ಡಿಸ್ಕಿಗೆ ವರ್ಗಾಯಿಸುವ ಕೆಲಸವನ್ನು ಎಲ್ಲಕ್ಕೂ ಹಳೆಯವಾದ ಸಿ.ಡಿ. ಡಿ.ವಿ.ಡಿ.ಗಳಿಂದಲೇ ಪ್ರಾರಂಭಿಸಬೇಕು. ನಕಲಾದ ಪ್ರತಿ ಕಡತದ ಮೊತ್ತಸಂಖ್ಯೆಯನ್ನು ತಾಳೆ ನೋಡಿ, ಕನಿಷ್ಠ ಎರಡು ಪ್ರತಿಗಳನ್ನು ಎರಡು ಊರುಗಳಲ್ಲಿ ಇಡಬೇಕು. ಅದರೊಡನೆ ಊರು, ಪ್ರಸಂಗ, ಭಾಗವತ ಮತ್ತು ಗಣೆಗಾರರ ಹೆಸರು, ಚಿತ್ರಿಸಿದ ದಿನಾಂಕಗಳನ್ನು ಬರಹದಲ್ಲಿ ನಮೂದಿಸಿಟ್ಟುಕೊಳ್ಳಬೇಕು. ಹಾಡಿದವರ ಗುರುತು ತಿಳಿದ ಹಿರಿಯರು ಹಟ್ಟಿಯಲ್ಲಿರುವಾಗಲೇ ಅವರೆದುರು ಪರದೆಯ ಮೇಲೆ ತೋರಿಸಿ ಈ ವಿವರಗಳನ್ನು ಬರೆದುಕೊಳ್ಳುವುದು ಸೂಕ್ತ.