ನೇತ್ರಾಣಿಗೆ ಹೊರಡುವ ಮುನ್ನ

‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ಅಪ್ಪು (ಪುನೀತ್ ರಾಜ್‌ಕುಮಾರ್) ಕಡಲಿಗಿಳಿದ ಜಾಗ ನೆನಪಿದೆಯಾ? ಅದು ನೇತ್ರಾಣಿ. ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್, ಜನವಸತಿ ಇಲ್ಲದ ದ್ವೀಪ.

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದವರೇ, ಡೈವಿಂಗ್‌ಗೆ ಅಂಡಮಾನ್‌ಗೇ ಹೋಗಬೇಕಿಲ್ಲ. ರಾತ್ರಿ ಬಸ್ಸೋ, ಕಾರವಾರದ ಪಂಚಗಂಗಾ ರೈಲೋ ಹತ್ತಿದರೆ ಬೆಳಗ್ಗೆ ಕರಾವಳಿ. ಮಳೆಗಾಲದಲ್ಲಿ ಮಾತ್ರ ಬೋಟ್ ಬಿಡಲ್ಲ. ನನ್ನ ಆಯ್ಕೆ ಡಿಸೆಂಬರ್, ಜನವರಿ.

ಈಜು ಬರಲ್ವಾ? ಪರವಾಗಿಲ್ಲ. ಮೊದಲ ಡೈವ್‌ನಲ್ಲಿ ತರಬೇತುದಾರರು ಪಕ್ಕದಲ್ಲೇ ಇರ್ತಾರೆ, 12 ಮೀಟರ್‌ಗಿಂತ ಆಳಕ್ಕೆ ಇಳಿಸಲ್ಲ. ಜೋಪಾನ ಮಾಡಬೇಕಾದ್ದು ಕಿವಿ. ಇಳಿದಂತೆಲ್ಲ ನೀರಿನ ಒತ್ತಡ ಏರುತ್ತೆ. ನೋವು ಶುರುವಾಗೋ ಮೊದಲೇ ಮೂಗು ಒತ್ತಿ ಹಿಡಿದು, ಮೂಗಿನಿಂದಲೇ ಮೆತ್ತಗೆ ಊದಿ. ಕಿವಿಯೊಳಗೆ ‘ಟಪ್’ ಅಂದ್ರೆ ಇನ್ನಷ್ಟು ಇಳೀಬಹುದು. ನೆಗಡಿ ಇದ್ರೆ ಆ ದಿನ ನೀರೇ ಬೇಡ. ಆಸ್ತಮಾ, ಹೃದಯದ ತೊಂದರೆ ಇರೋರು ಮೊದಲೇ ಡಾಕ್ಟರನ್ನ ಕೇಳಿ.

ಕೆಳಗೆ ಗಿಳಿಮೀನು ಹವಳ ಕೆರೆಯೋ ಸದ್ದು ಕರಕರ ಅಂತ ಕೇಳುತ್ತೆ. ಎಷ್ಟು ಚಂದ! ಹವಳ ಜೀವ ಇರೋ ಪ್ರಾಣಿ, ದಯವಿಟ್ಟು ಮುಟ್ಟಬೇಡಿ. ಮೇಲೆ ಬಂದ್ಮೇಲೆ ಆಕಾಶ ನೋಡಿ, ಬಿಳಿಹೊಟ್ಟೆಯ ಕಡಲ ಹದ್ದು ಕಾಣಬಹುದು.

ಅದೇ ರಾತ್ರಿ ವಾಪಸ್ ಟಿಕೆಟ್ ಮಾಡಿಸಬೇಡಿ. ಡೈವ್ ಮಾಡಿದವರ ರಕ್ತದಲ್ಲಿ ಹೆಚ್ಚುವರಿ ನೈಟ್ರೋಜನ್ ಉಳಿದಿರುತ್ತೆ, ಎತ್ತರಕ್ಕೆ ಏರಿದ್ರೆ ಅದು ಗುಳ್ಳೆಯಾಗೋ ಅಪಾಯ ಇದೆ. ವಿಮಾನಕ್ಕೆ ಒಂದು ಡೈವ್ ಆದ್ಮೇಲೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಆದ್ರೆ 18 ಗಂಟೆ ಕಾಯೋದು ರೂಢಿ. ನಮ್ಮ ಬೆಂಗಳೂರು ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ, ದಾರಿಯಲ್ಲಿ ಘಾಟಿ ಬೇರೆ. ಒಂದು ರಾತ್ರಿ ಮುರುಡೇಶ್ವರದಲ್ಲೇ ಉಳಿದು, ಮರುದಿನ ಹೊರಡಿ.